ಒಂದು ಆಡಿನ ರಕ್ತ ವರದಿ: ಸಾಲು ಸಾಲಿನ ವ್ಯಾಖ್ಯಾನ

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಹೊರಟರೆ ನಗರ ಮುಗಿಯುವಲ್ಲಿ ಕಪನೂರ ಸಿಗುತ್ತದೆ. ಹಳೆಯ ಊರು, ಅದರ ಹೊಲಗಳು, ಕೈಗಾರಿಕಾ ಪ್ರದೇಶದ ಶೆಡ್ಡುಗಳು, ಎಲ್ಲವೂ ಒಂದರ ಬಗಲಿಗೆ ಒಂದು. ಅದೇ ರಸ್ತೆ ಕಮಲಾಪುರ ದಾಟಿ ಬೀದರಿಗೆ, ಪಶುವೈದ್ಯ ವಿಶ್ವವಿದ್ಯಾಲಯವಿರುವ ಊರಿಗೆ ಹೋಗುತ್ತದೆ. ಈ ದಾರಿಯುದ್ದಕ್ಕೂ ನಾಲ್ಕು ಆಡು, ಒಂದು ಎಮ್ಮೆ ಕಟ್ಟಿಕೊಂಡು ಬದುಕುವ ಮನೆಗಳಿವೆ. ಕುರಿ ಹಿಂಡಿನವರೂ ಇದ್ದಾರೆ. ಮಳೆಗಾಲ ಇಳಿಮುಖವಾಗುವ ಹೊತ್ತಿಗೆ ಪಶು ಆಸ್ಪತ್ರೆಯ ಮುಂದೆ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ: “ಆಡಿಗಿ ರಕ್ತ ಇಲ್ರಿ ಸಾಹೇಬ್ರ, ರಕ್ತ ಏರೂ ಸೂಜಿ ಹಾಕ್ರಿ.”

ಸೂಜಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಇದ್ದ ರಕ್ತ ಎಲ್ಲಿಗೆ ಹೋಯಿತು? ರಕ್ತಹೀನತೆ ರೋಗದ ಗುರುತು, ಅದರ ಹಿಂದೆ ಕಾರಣ ಬೇರೆಯೇ ಇರುತ್ತದೆ. ರಕ್ತ ಮೈಯಿಂದ ಹೊರಗೆ ಸೋರಿರಬೇಕು, ಇಲ್ಲವೇ ನಾಳದೊಳಗೇ ಕಣಗಳು ಒಡೆದಿರಬೇಕು, ಅದೂ ಅಲ್ಲದಿದ್ದರೆ ಮೂಳೆಯ ನೆಣದಲ್ಲಿ ಹೊಸ ರಕ್ತ ಹುಟ್ಟುವುದೇ ನಿಂತಿರಬೇಕು. ಈ ಮೂರರಲ್ಲಿ ಯಾವುದು ಎಂದು ಹೇಳುವ ಕಾಗದವೇ ಪ್ರಯೋಗಾಲಯದ ವರದಿ. ಬಹಳ ಮನೆಗಳಲ್ಲಿ ಆ ಕಾಗದ ಮಡಿಚಿಕೊಂಡು ಅಂಗಿಯ ಜೇಬಿನಲ್ಲೇ ಉಳಿಯುತ್ತದೆ. ಅದನ್ನು ಓದಲು ಬಂದರೆ ಒಂದು ಆಡು ಉಳಿಯುತ್ತದೆ, ಅದರ ಹಿಂದೆ ಇಡೀ ಹಿಂಡು ಉಳಿಯುತ್ತದೆ ಎಂಬ ನಂಬಿಕೆಯಿಂದ ಈ ವ್ಯಾಖ್ಯಾನ. ಇಲ್ಲಿರುವ ವರದಿ ವಿವರಣೆಗೆಂದೇ ಕಟ್ಟಿದ ಮಾದರಿ. ಯಾರದೋ ಒಂದು ಆಡಿನದಲ್ಲ. ಆದರೆ ಸೆಪ್ಟೆಂಬರ್ ತಿಂಗಳಲ್ಲಿ ಈ ಭಾಗದ ಸೊರಗಿದ ಆಡಿನ ರಕ್ತ ಇಂಥದೇ ಅಂಕಿಗಳನ್ನು ಕೊಡುತ್ತದೆ.

“ಪ್ರಾಣಿ: ಆಡು, ಹೆಣ್ಣು, ಉಸ್ಮಾನಾಬಾದಿ, ನಾಲ್ಕು ಹಲ್ಲು. ತೂಕ 24 ಕಿಲೋ.”

ಇದನ್ನು ವಿಳಾಸವೆಂದು ತಿಳಿದು ದಾಟಿಬಿಡುವವರೇ ಹೆಚ್ಚು. ಕೆಳಗಿನ ಪ್ರತಿ ಅಂಕಿಯ ಅರ್ಥ ಈ ಸಾಲಿನ ಮೇಲೆಯೇ ನಿಂತಿದೆ. ನೂರು ಪಾಲು ರಕ್ತದಲ್ಲಿ ಕೆಂಪು ಕಣಗಳ ಪಾಲು ಆರೋಗ್ಯವಂತ ಆಡಿಗೆ 22ರಿಂದ 38, ಕುರಿಗೆ 27ರಿಂದ 45, ದನಕ್ಕೆ 24ರಿಂದ 46. ಅಂದರೆ 24 ಎಂಬ ಅಂಕಿ ಆಡಿನಲ್ಲಿ ಸಹಜ, ಕುರಿಯಲ್ಲಿ ಕೊರತೆ. ಆಡು ಕುರಿ ಎರಡನ್ನೂ ಒಂದೇ ಅಳತೆಯಲ್ಲಿ ನೋಡುವ ರೂಢಿ ಮದ್ದಿನ ವಿಷಯದಲ್ಲೂ ಇದೆ. ಅದು ಎಷ್ಟು ಹಾನಿ ಮಾಡಿದೆ ಎಂಬುದು ಕೊನೆಯ ಸಾಲಿನಲ್ಲಿ ಬರುತ್ತದೆ.

ತೂಕವನ್ನೂ ಗಮನಿಸಬೇಕು. ಆಡಿನ ಮೈಯಲ್ಲಿ ಕಿಲೋ ಒಂದಕ್ಕೆ ಸುಮಾರು 70 ಮಿಲಿಲೀಟರ್ ರಕ್ತ. 24 ಕಿಲೋದ ಆಡಿನಲ್ಲಿ ಒಟ್ಟು 1.7 ಲೀಟರ್ ಆಸುಪಾಸು. ಈ ಲೆಕ್ಕ ನೆನಪಿನಲ್ಲಿರಲಿ, ಹುಳುಗಳ ಸಾಲಿಗೆ ಬಂದಾಗ ಬೇಕಾಗುತ್ತದೆ.

ಉಸ್ಮಾನಾಬಾದಿ ನಮ್ಮ ನೆರೆಯ ತಳಿ. ಈಗ ಧಾರಾಶಿವ ಎಂದು ಕರೆಸಿಕೊಳ್ಳುವ ಜಿಲ್ಲೆ ಅದರ ತವರು. ನಿಜಾಮನ ಕಾಲದಲ್ಲಿ ಆ ಸೀಮೆಯೂ ಕಲಬುರಗಿಯೂ ಒಂದೇ ಆಳ್ವಿಕೆಯಲ್ಲಿದ್ದವು. ಮೈಬಣ್ಣ ಹೆಚ್ಚಾಗಿ ಕಪ್ಪು, ಅವಳಿ ಮರಿ ಹಾಕುವುದರಲ್ಲಿ ಹೆಸರುವಾಸಿ, ಬಿಸಿಲಿಗೆ ಗಟ್ಟಿ. ಆದರೆ ಹೊಟ್ಟೆಹುಳುವಿನ ವಿರುದ್ಧ ಕುರಿಗೆ ವಯಸ್ಸಾದಂತೆ ಬೆಳೆಯುವಷ್ಟು ನಿರೋಧಕ ಶಕ್ತಿ ಆಡುಜಾತಿಗೆ ಬೆಳೆಯುವುದಿಲ್ಲ.

“ಮಾದರಿ: ಕುತ್ತಿಗೆಯ ನಾಳದ ರಕ್ತ, ಇಡಿಟಿಎ ಶೀಶೆಯಲ್ಲಿ. ಹಿಕ್ಕೆ, ಗುದದಿಂದ ನೇರ ತೆಗೆದದ್ದು.”

ಇಡಿಟಿಎ ಎಂಬುದು ರಕ್ತ ಹೆಪ್ಪುಗಟ್ಟದಂತೆ ಶೀಶೆಯ ತಳದಲ್ಲಿರುವ ರಾಸಾಯನಿಕ. ಹಿಕ್ಕೆಯನ್ನು ನೆಲದಿಂದ ಆರಿಸಿದರೆ ಮಣ್ಣಿನಲ್ಲಿ ಸ್ವತಂತ್ರವಾಗಿ ಬದುಕುವ ಹುಳುಗಳೂ ಸೇರಿಕೊಂಡು ಲೆಕ್ಕ ಕೆಡುತ್ತದೆ. ಇಷ್ಟು ಸಾಕು ಈ ಸಾಲಿಗೆ.

“ಲಕ್ಷಣ: ಹಿಂಡಿನ ಹಿಂದೆ ಉಳಿಯುತ್ತದೆ. ದವಡೆಯ ಕೆಳಗೆ ನೀರು ಬಾವು. ಜ್ವರ ಇಲ್ಲ. ಭೇದಿ ಇಲ್ಲ.”

ನಾಲ್ಕು ಮಾತಿನಲ್ಲಿ ಮುಕ್ಕಾಲು ಪಾಲು ಉತ್ತರ ಇಲ್ಲೇ ಇದೆ.

ಹಿಂದೆ ಉಳಿಯುವುದು ಸೋಮಾರಿತನವಲ್ಲ. ಆಮ್ಲಜನಕ ಹೊರುವ ಕಣಗಳು ಕಡಿಮೆಯಾದಾಗ ಹೃದಯ ಇದ್ದಷ್ಟನ್ನೇ ಬೇಗ ಬೇಗ ಸುತ್ತಿಸಿ ಕೊರತೆ ತುಂಬಲು ನೋಡುತ್ತದೆ. ನಿಂತ ಆಡಿನಲ್ಲಿ ಅದು ಸಾಧ್ಯ, ಓಡುವ ಆಡಿನಲ್ಲಿ ಅಸಾಧ್ಯ. ತೀರ ಬಿಳಿಚಿದ ಆಡನ್ನು ಕೋಲು ಹಿಡಿದು ಓಡಿಸಿದರೆ, ಹಿಡಿಯಲು ಅಟ್ಟಿಸಿಕೊಂಡು ಹೋದರೆ, ಅದು ಅಲ್ಲೇ ಕುಸಿದು ಸಾಯಬಹುದು. ಮದ್ದು ಹಾಕಿದ ಕೈ ಕೆಟ್ಟದೆಂದು ಆಮೇಲೆ ಜನ ಅನ್ನುತ್ತಾರೆ; ಸತ್ತದ್ದು ಓಟಕ್ಕೆ. ಇಂಥ ಪ್ರಾಣಿಯನ್ನು ಆಸ್ಪತ್ರೆಗೆ ನಡೆಸಿಕೊಂಡು ಹೋಗಬಾರದು. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಮನೆಬಾಗಿಲಿಗೆ ಬರುವ ವ್ಯವಸ್ಥೆ ಇರುವುದು ಇಂಥ ಹೊತ್ತಿಗೇ.

ದವಡೆಯ ಕೆಳಗಿನ ಬಾವು ಬೆರಳಿಟ್ಟರೆ ಮೆತ್ತಗೆ ಒಳಗೆ ಹೋಗುತ್ತದೆ, ನೋವಿಲ್ಲ, ಬಿಸಿಯೂ ಇಲ್ಲ. ದಿನವಿಡೀ ತಲೆ ತಗ್ಗಿಸಿ ಮೇಯ್ದ ಮೇಲೆ ಸಂಜೆಗೆ ದೊಡ್ಡದಾಗಿ ಕಾಣುತ್ತದೆ, ಬೆಳಗಿನ ಹೊತ್ತಿಗೆ ಇಳಿದಿರುತ್ತದೆ. ಗಂಟಲಿನ ರೋಗವೆಂದು ಸುಟ್ಟು ಬರೆ ಹಾಕುವವರು ಇನ್ನೂ ಇದ್ದಾರೆ. ಆ ಬರೆಯಿಂದ ಆಡಿಗೆ ನೋವು ಹೆಚ್ಚಾಗುತ್ತದೆಯೇ ಹೊರತು ಬಾವಿನ ಮೂಲಕ್ಕೆ ಏನೂ ತಾಗುವುದಿಲ್ಲ. ಆ ನೀರು ಬಂದದ್ದೇಕೆ ಎಂಬುದನ್ನು ಪ್ರೋಟೀನಿನ ಸಾಲು ಹೇಳುತ್ತದೆ.

ಜ್ವರವಿಲ್ಲ ಎಂಬುದು ಉಣ್ಣೆಯಿಂದ ಹರಡುವ ರಕ್ತರೋಗಗಳನ್ನು ಅನುಮಾನದ ಪಟ್ಟಿಯಲ್ಲಿ ಕೆಳಕ್ಕೆ ತಳ್ಳುತ್ತದೆ. ಭೇದಿಯಿಲ್ಲ ಎಂಬುದಕ್ಕೆ ಇನ್ನೂ ಹೆಚ್ಚಿನ ತೂಕವಿದೆ. “ಹಿಕ್ಕಿ ಗಟ್ಟಿನೇ ಹಾಕ್ತದ, ಹೊಟ್ಟಿಹುಳ ಎಲ್ಲಿಂದ ಬರ್ತದರಿ?” ಎಂದು ಕೇಳುವವರಿಗೆ ಉತ್ತರ ಕೊಡಲೇಬೇಕು. ಕರುಳನ್ನು ಕೆರಳಿಸುವ ಹುಳು ಭೇದಿ ಮಾಡಿಸುತ್ತದೆ. ರಕ್ತ ಹೀರುವ ಹುಳು ಇರುವುದು ನಾಲ್ಕನೇ ಹೊಟ್ಟೆಯಲ್ಲಿ. ಅದು ಹಿಕ್ಕೆಯ ರೂಪ ಕೆಡಿಸದೆ ತನ್ನ ಕೆಲಸ ಮಾಡಿಕೊಳ್ಳುತ್ತದೆ. ಅತ್ಯಂತ ಅಪಾಯದ ಹುಳು ಕಣ್ಣಿಗೆ ಏನನ್ನೂ ತೋರಿಸದ ಹುಳು.

“ಕೆಳಗಣ್ಣಿನ ಪೊರೆ: ಬಿಳಿ. 5ನೇ ದರ್ಜೆ.”

ಈ ಒಂದು ಸಾಲಿಗೆ ಪ್ರಯೋಗಾಲಯ ಬೇಡ. ಆಡು ಸಾಕಿದ ಹೆಣ್ಣುಮಗಳು ತನ್ನ ಅಂಗಳದಲ್ಲೇ ಬರೆಯಬಹುದಾದ ಸಾಲು ಇದು. ವರದಿಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಭರವಸೆ ಕೊಡುವುದೂ ಇದೇ.

1990ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಪಶುವೈದ್ಯರು ಕುರಿಯ ಕಣ್ಣಿನ ಪೊರೆಯ ಬಣ್ಣವನ್ನು ರಕ್ತಕಣಗಳ ಪಾಲಿನೊಂದಿಗೆ ಹೊಂದಿಸಿ ಐದು ಬಣ್ಣದ ಪಟ್ಟಿಯೊಂದನ್ನು ಮಾಡಿದರು. ಮೊದಲು ಅದನ್ನು ಯೋಚಿಸಿದ ಫಾಫಾ ಮಲಾನ್ ಅವರ ಹೆಸರಿನಿಂದಲೇ ಅದಕ್ಕೆ ಫಮಾಚಾ ಎಂಬ ಹೆಸರು ಬಂತು. ಗಾಢ ಕೆಂಪು ಒಂದನೇ ದರ್ಜೆ, ಕಣಗಳ ಪಾಲು 28 ಅಥವಾ ಮೇಲೆ. ಕೆಂಪು ಗುಲಾಬಿ ಎರಡನೆಯದು, 23ರಿಂದ 27. ಗುಲಾಬಿ ಮೂರನೆಯದು, 18ರಿಂದ 22. ಬಿಳಿ ಬೆರೆತ ಗುಲಾಬಿ ನಾಲ್ಕನೆಯದು, 13ರಿಂದ 17. ಐದನೆಯದು ಬಿಳಿ, 12 ಅಥವಾ ಕೆಳಗೆ. ಈಗ ಇದನ್ನು ಆಡಿಗೂ ಬಳಸುತ್ತಾರೆ.

ನೋಡುವ ಕ್ರಮಕ್ಕೆ ಶಿಸ್ತು ಬೇಕು. ಬಿಸಿಲಿನ ಬೆಳಕಿರಬೇಕು, ಹಟ್ಟಿಯ ಕತ್ತಲಲ್ಲಿ ನೋಡಿದರೆ ಬಣ್ಣ ಮೋಸ ಮಾಡುತ್ತದೆ. ಒಂದು ಹೆಬ್ಬೆರಳಿನಿಂದ ಮೇಲಿನ ರೆಪ್ಪೆಯನ್ನು ಕಣ್ಣುಗುಡ್ಡೆಯ ಮೇಲೆ ಮೆಲ್ಲಗೆ ಒತ್ತಿ, ಇನ್ನೊಂದರಿಂದ ಕೆಳಗಿನ ರೆಪ್ಪೆ ಇಳಿಸಿದರೆ ಒಳಪೊರೆ ತಾನೇ ಹೊರಬರುತ್ತದೆ. ನೋಡಬೇಕಾದದ್ದು ಆ ಒಳಪೊರೆಯನ್ನು; ಕಣ್ಣಿನ ಬಿಳಿಭಾಗವನ್ನಲ್ಲ, ರೆಪ್ಪೆಯ ಅಂಚನ್ನೂ ಅಲ್ಲ. ಹೆಚ್ಚು ಹೊತ್ತು ಎಳೆದು ಹಿಡಿದರೆ ಬಣ್ಣ ಬದಲಾಗುತ್ತದೆ. ಎರಡೂ ಕಣ್ಣು ನೋಡಿ ಹೆಚ್ಚು ಬಿಳಿಚಿದ್ದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಕಣ್ಣುಬೇನೆ ಬಂದಿದ್ದರೆ, ಮಿಲ್ಲಿನ ಅಥವಾ ರಸ್ತೆಯ ಧೂಳಿನಿಂದ ಕಣ್ಣು ಉರಿದಿದ್ದರೆ, ರಕ್ತವಿಲ್ಲದ ಆಡಿನ ಕಣ್ಣೂ ಕೆಂಪಗೆ ಕಾಣುತ್ತದೆ. ಕಪನೂರಿನ ಬದಿಯಲ್ಲಿ ಮೇಯುವ ಆಡುಗಳ ವಿಷಯದಲ್ಲಿ ಈ ಎಚ್ಚರಿಕೆ ಮುಖ್ಯ.

ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಹೀಗೆ ಪ್ರತಿ ಆಡಿನ ಕಣ್ಣು ನೋಡುವ ಮನೆಯಲ್ಲಿ ಐದನೇ ದರ್ಜೆಯ ಆಡು ಸಿಗುವುದೇ ಅಪರೂಪ. ಮೂರನೇ ದರ್ಜೆಯಲ್ಲೇ ಅದು ಕಣ್ಣಿಗೆ ಬಿದ್ದಿರುತ್ತದೆ.

“ಪಿಸಿವಿ: ಶೇ 12. ಹಿಮೋಗ್ಲೋಬಿನ್: 4.0.”

ರಕ್ತ ತುಂಬಿದ ಸಣ್ಣ ಗಾಜಿನ ಕೊಳವೆಯನ್ನು ಯಂತ್ರದಲ್ಲಿ ಜೋರಾಗಿ ತಿರುಗಿಸಿದರೆ ಕೆಂಪು ಕಣಗಳು ತಳ ಸೇರುತ್ತವೆ, ಮೇಲೆ ತಿಳಿ ನಿಲ್ಲುತ್ತದೆ. ತಳದ ಕೆಂಪು ಭಾಗ ಶೇಕಡಾ ಎಷ್ಟು ಎಂಬುದೇ ಪಿಸಿವಿ. ಹಿಮೋಗ್ಲೋಬಿನ್ ಎಂದರೆ ಆ ಕಣಗಳೊಳಗೆ ಆಮ್ಲಜನಕ ಹೊರುವ, ಕಬ್ಬಿಣ ಕೂಡಿದ ಬಣ್ಣ. ನೂರು ಮಿಲಿಲೀಟರ್ ರಕ್ತದಲ್ಲಿ ಎಷ್ಟು ಗ್ರಾಂ ಎಂದು ಅಳೆಯುತ್ತಾರೆ. ಆಡಿನಲ್ಲಿ 8ರಿಂದ 12 ಇರಬೇಕು. ಸಾಮಾನ್ಯವಾಗಿ ಪಿಸಿವಿಯ ಮೂರನೇ ಒಂದು ಪಾಲು ಹಿಮೋಗ್ಲೋಬಿನ್. ಇಲ್ಲಿ 12ಕ್ಕೆ 4, ಲೆಕ್ಕ ಕೂಡುತ್ತದೆ. ಕೂಡದಿದ್ದರೆ ಅಳತೆಯಲ್ಲಿ ದೋಷವಿದೆ, ಇಲ್ಲವೇ ಕಣಗಳು ಶೀಶೆಯಲ್ಲೇ ಒಡೆದಿವೆ ಎಂದು ಶಂಕಿಸಬೇಕು.

12 ಎಂದರೆ ಇರಬೇಕಾದದ್ದರಲ್ಲಿ ಅರ್ಧಕ್ಕೂ ಕಡಿಮೆ. ಹಾಗಿದ್ದೂ ಈ ಆಡು ನಿಂತುಕೊಂಡಿದೆ ಎಂದರೆ ರಕ್ತ ಒಂದೇ ದಿನದಲ್ಲಿ ಹೋಗಿಲ್ಲ, ವಾರಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಹೋಗಿದೆ. ಮೈ ಅಷ್ಟಕ್ಕಷ್ಟೇ ಹೊಂದಿಕೊಂಡಿದೆ. ಮಾಲೀಕನಿಗೆ ಮೊನ್ನೆಯವರೆಗೂ ಏನೂ ಗೊತ್ತಾಗದಿರುವುದಕ್ಕೆ ಅವನ ಅಲಕ್ಷ್ಯ ಕಾರಣವಲ್ಲ. ಆಡು ಅಷ್ಟು ಕಾಲ ತಾಳಿಕೊಂಡಿತು.

“ಕೆಂಪು ಕಣ: ಪ್ರತಿ ಮೈಕ್ರೋಲೀಟರಿಗೆ 55 ಲಕ್ಷ. ಕಣದ ಸರಾಸರಿ ಗಾತ್ರ: 22.”

ಮನುಷ್ಯನ ವರದಿ ನೋಡಿ ಅಭ್ಯಾಸವಿದ್ದವರಿಗೆ 55 ಲಕ್ಷ ಎಂದರೆ ಭರ್ತಿ ಆರೋಗ್ಯ. ಆಡಿನಲ್ಲಿ 80 ಲಕ್ಷದಿಂದ 180 ಲಕ್ಷ ಇರಬೇಕು. ಸಾಕುಪ್ರಾಣಿಗಳಲ್ಲೆಲ್ಲ ಅತಿ ಚಿಕ್ಕ ಕೆಂಪು ಕಣ ಆಡಿನದು, ಮನುಷ್ಯನ ಕಣದ ಅಡ್ಡಳತೆಯ ಅರ್ಧದಷ್ಟು. ಹಾಗಾಗಿ ಸಂಖ್ಯೆ ಹೆಚ್ಚು. ಮನುಷ್ಯರ ರಕ್ತ ಎಣಿಸಲು ಹೊಂದಿಸಿದ ಯಂತ್ರ ಆಡಿನ ಕಣಗಳನ್ನು ಎಷ್ಟೋ ಸಲ ಕಣವೆಂದೇ ಗುರುತಿಸುವುದಿಲ್ಲ. ಪೇಟೆಯಲ್ಲಿ ಮನುಷ್ಯರ ಲ್ಯಾಬಿಗೆ ಆಡಿನ ರಕ್ತ ಕೊಟ್ಟು ತರುವ ವರದಿಯನ್ನು ಈ ಕಾರಣಕ್ಕೆ ನಂಬಬಾರದು.

ಗಾತ್ರ 22 ಸಹಜ ಮಿತಿಯ ಒಳಗೇ ಇದೆ. ಕಬ್ಬಿಣ ಪೂರ್ತಿ ಬರಿದಾದಾಗ ಕಣಗಳು ಇನ್ನೂ ಚಿಕ್ಕವಾಗಿ ಹುಟ್ಟುತ್ತವೆ. ಈ ಆಡಿನಲ್ಲಿ ಹಾಗಾಗಿಲ್ಲ, ಉಗ್ರಾಣದಲ್ಲಿ ಇನ್ನೂ ಸ್ವಲ್ಪ ಉಳಿದಿದೆ.

“ರಕ್ತಲೇಪ: ಕಣಗಳ ಗಾತ್ರದಲ್ಲಿ ಏರುಪೇರು, ಕೆಲವು ಕಣಗಳಲ್ಲಿ ನೀಲಿ ಚುಕ್ಕೆ. ರಕ್ತದ ಪರೋಪಜೀವಿ ಕಂಡಿಲ್ಲ.”

ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ ಎಳೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದ ಸಾಲು ಇದು. ನೀಲಿ ಚುಕ್ಕೆಯ ಕಣ ಎಂದರೆ ಪೂರ್ತಿ ಮಾಗುವ ಮೊದಲೇ ನೆಣದಿಂದ ಹೊರಟ ಎಳೆಯ ಕಣ. ದನ, ಕುರಿ, ಆಡುಗಳಲ್ಲಿ ಆರೋಗ್ಯವಿದ್ದಾಗ ಇಂಥವು ರಕ್ತದಲ್ಲಿ ಕಾಣುವುದಿಲ್ಲ. ಕಂಡಿವೆ ಎಂದರೆ ನೆಣ ದುಡಿಯುತ್ತಿದೆ. ಮೊದಲು ಹೇಳಿದ ಮೂರು ದಾರಿಗಳಲ್ಲಿ ಮೂರನೆಯದು, ಹೊಸ ರಕ್ತ ಹುಟ್ಟದಿರುವುದು, ಇಲ್ಲಿಗೆ ಮುಚ್ಚಿತು. ಸೋರಿಕೆ ನಿಲ್ಲಿಸಿದರೆ ಆಡು ತಾನೇ ತುಂಬಿಕೊಳ್ಳಬಲ್ಲದು. ಐದನೇ ದರ್ಜೆಯ ಕಣ್ಣು ನೋಡಿ ಕಟುಕನಿಗೆ ಕೊಟ್ಟುಬಿಡೋಣ ಎನ್ನುವವರಿಗೆ ನಾನು ತೋರಿಸುವುದು ಈ ನೀಲಿ ಚುಕ್ಕೆಯನ್ನು.

‘ಪರೋಪಜೀವಿ ಕಂಡಿಲ್ಲ’ ಎಂಬ ಮಾತನ್ನು ದನದ ವರದಿಯಲ್ಲಿ ಓದಿದ್ದರೆ ಇಷ್ಟಕ್ಕೆ ಬಿಡಲಾಗುತ್ತಿರಲಿಲ್ಲ. ನಗರದ ಸುತ್ತ ಹಾಲಿಗಾಗಿ ಸಾಕುವ ಎಚ್‌ಎಫ್, ಜರ್ಸಿ ಮಿಶ್ರತಳಿ ಆಕಳುಗಳಲ್ಲಿ ರಕ್ತಹೀನತೆಯ ಕಥೆ ಉಣ್ಣೆಯಿಂದಲೇ ಶುರುವಾಗುತ್ತದೆ. ಥೈಲೇರಿಯಾ ಎಂಬ ಏಕಕೋಶ ಜೀವಿಯನ್ನು ಹಯಲೋಮಾ ಜಾತಿಯ ಉಣ್ಣೆ ಹೊತ್ತು ತರುತ್ತದೆ: ವಿಪರೀತ ಜ್ವರ, ಭುಜದ ಮುಂದಿನ ಮತ್ತು ತೊಡೆಸಂದಿಯ ಗಂಟುಗಳು ಊದಿಕೊಳ್ಳುವುದು, ಆಮೇಲೆ ರಕ್ತ ಇಳಿಯುವುದು. ಬಬೇಸಿಯಾದಲ್ಲಿ ಜ್ವರದ ಜೊತೆಗೆ ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಅನಾಪ್ಲಾಸ್ಮಾದಲ್ಲಿ ಮೂತ್ರ ಕೆಂಪಾಗುವುದಿಲ್ಲ, ಬದಲಿಗೆ ಕಣ್ಣಿಗೆ ಕಾಮಾಲೆಯ ಹಳದಿ ಬರುತ್ತದೆ, ಸಗಣಿ ಗಟ್ಟಿಯಾಗುತ್ತದೆ. ಮೂರಕ್ಕೂ ಮದ್ದು ಬೇರೆ ಬೇರೆ: ಮೊದಲನೆಯದಕ್ಕೆ ಬುಪರ್ವಕ್ವೋನ್, ಎರಡನೆಯದಕ್ಕೆ ಡಿಮಿನಾಜಿನ್, ಮೂರನೆಯದಕ್ಕೆ ಆಕ್ಸಿಟೆಟ್ರಾಸೈಕ್ಲಿನ್. ಲೇಪ ನೋಡದೆ ಊಹೆಯ ಮೇಲೆ ಸೂಜಿ ಹಾಕಿದರೆ ಹಣವೂ ಹೋಗುತ್ತದೆ, ಆಕಳಿಗೆ ಉಳಿದಿದ್ದ ಎರಡು ದಿನವೂ ಹೋಗುತ್ತದೆ.

ಉಣ್ಣೆ ರೋಗ ಹರಡುತ್ತದೆ ಎಂಬ ತಿಳಿವಳಿಕೆಯೇ ದನದಿಂದ ಬಂದದ್ದು. 1893ರಲ್ಲಿ ಅಮೆರಿಕದ ಥಿಯೋಬಾಲ್ಡ್ ಸ್ಮಿತ್ ಮತ್ತು ಫ್ರೆಡ್ ಕಿಲ್ಬೋರ್ನ್ ಅಲ್ಲಿನ ದನಗಳ ಬಬೇಸಿಯಾ ಜ್ವರ ಉಣ್ಣೆಯ ಕಡಿತದಿಂದ ದಾಟುತ್ತದೆ ಎಂದು ಪ್ರಕಟಿಸಿದರು. ಸೊಳ್ಳೆಯಿಂದ ಮಲೇರಿಯಾ ಬರುತ್ತದೆಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್‌ಗೆ ಸುಳಿವು ಸಿಕ್ಕಿದ್ದು ಅದಾದ ನಾಲ್ಕು ವರ್ಷಕ್ಕೆ. ಥೈಲೇರಿಯಾಕ್ಕೆ ನಮ್ಮಲ್ಲೇ ತಯಾರಾಗುವ ಲಸಿಕೆಯೂ ಇದೆ. ಮಿಶ್ರತಳಿ ಕರು ಕಟ್ಟಿದವರು ಅದನ್ನು ಕೇಳಿ ಹಾಕಿಸಬೇಕು. ನಮ್ಮ ದೇವಣಿಯಂಥ ನಾಟಿ ದನಗಳು ಈ ಉಣ್ಣೆಗಳೊಂದಿಗೆ ತಲೆಮಾರುಗಳಿಂದ ಬದುಕಿ ಬಂದವು, ಮಿಶ್ರತಳಿಯಷ್ಟು ಸುಲಭಕ್ಕೆ ಬೀಳುವುದಿಲ್ಲ.

“ರಕ್ತದ ತಿಳಿ: ಬಣ್ಣವಿಲ್ಲ. ಮೂತ್ರ: ಸಹಜ.”

ಇಲ್ಲಿ ಎರಡನೇ ದಾರಿಯೂ ಮುಚ್ಚುತ್ತದೆ. ಕಣಗಳು ನಾಳದೊಳಗೆ ಒಡೆದಿದ್ದರೆ ತಿಳಿ ಕೆಂಪಾಗುತ್ತಿತ್ತು ಅಥವಾ ಹಳದಿಯಾಗುತ್ತಿತ್ತು, ಮೂತ್ರ ಗಾಢವಾಗುತ್ತಿತ್ತು. ಆಗಿಲ್ಲ.

ಆಗುವ ಸಂದರ್ಭಗಳು ಯಾವುವು ಎಂದು ತಿಳಿದಿರುವುದು ಒಳ್ಳೆಯದು. ಉಳ್ಳಾಗಡ್ಡಿಯ ಬೆಲೆ ಬಿದ್ದಾಗ, ಮಳೆಗೆ ಕೊಳೆತಾಗ, ಅದನ್ನು ರಾಶಿಗಟ್ಟಲೆ ದನಕ್ಕೆ ಹಾಕುವವರಿದ್ದಾರೆ. ಉಳ್ಳಾಗಡ್ಡಿಯಲ್ಲಿರುವ ಗಂಧಕದ ಸಂಯುಕ್ತಗಳು ಕೆಂಪು ಕಣದ ಹಿಮೋಗ್ಲೋಬಿನ್ನನ್ನು ಕೆಡಿಸಿ ಕಣವನ್ನು ಒಡೆಯುತ್ತವೆ. ಇದು ದನಕ್ಕೆ ಹೆಚ್ಚು ತಾಗುತ್ತದೆ, ಕುರಿ ಆಡುಗಳು ಅದಕ್ಕಿಂತ ಹೆಚ್ಚು ತಡೆಯುತ್ತವೆ. ಮಾರಲಾಗದ್ದನ್ನು ದನವಾದರೂ ತಿನ್ನಲಿ ಎಂಬ ರೈತನ ಸಂಕಟ ಅರ್ಥವಾಗುತ್ತದೆ. ಹಾಕುವುದಾದರೆ ಬೇರೆ ಮೇವಿನೊಂದಿಗೆ ಅಷ್ಟಿಷ್ಟು, ಅದನ್ನೇ ಹೊಟ್ಟೆ ತುಂಬ ಬೇಡ.

ಎಮ್ಮೆ ಈದು ಎರಡು ಮೂರು ವಾರಕ್ಕೆ, ಜ್ವರವೇನೂ ಇಲ್ಲದೆ, ಮೂತ್ರ ಕೆಂಪು ಕಂದಾದರೆ ಅದು ಹೆಚ್ಚಾಗಿ ರಂಜಕದ ಕೊರತೆ. ಹಾಲಿನೊಂದಿಗೆ ರಂಜಕ ಹೊರಟುಹೋಗಿ, ರಕ್ತಕಣದ ಗೋಡೆ ದುರ್ಬಲವಾಗಿ ಒಡೆಯುತ್ತದೆ. ಹೆಚ್ಚು ಹಾಲು ಕೊಡುವ ಎಮ್ಮೆಗೇ ಇದು ಹೆಚ್ಚು. ದೃಷ್ಟಿ ತಾಗಿತೆಂದು ಕೂರದೆ ಅವತ್ತೇ ವೈದ್ಯರನ್ನು ಕರೆದರೆ ನಾಳಕ್ಕೆ ರಂಜಕದ ಲವಣ ಕೊಟ್ಟು ಉಳಿಸಬಹುದು.

ಕುರಿಯವರಿಗೆ ಇನ್ನೊಂದು ಮಾತು. ದನಕ್ಕೆಂದು ಮಾಡಿದ ಖನಿಜ ಮಿಶ್ರಣವನ್ನು ಕುರಿಗೆ ತಿಂಗಳುಗಟ್ಟಲೆ ತಿನ್ನಿಸಬಾರದು. ಅದರಲ್ಲಿ ತಾಮ್ರ ಹೆಚ್ಚು. ಕುರಿಯ ಪಿತ್ತಜನಕಾಂಗ ತಾಮ್ರವನ್ನು ಹೊರಹಾಕಲಾರದೆ ಕೂಡಿಡುತ್ತದೆ, ಒಂದು ದಿನ ಎಲ್ಲವೂ ಒಮ್ಮೆಲೇ ರಕ್ತಕ್ಕೆ ಬಿದ್ದು ಕಣಗಳು ಒಡೆಯುತ್ತವೆ. ಪ್ರೀತಿಯಿಂದ ತಿನ್ನಿಸಿದ ಪುಡಿಯೇ ಟಗರನ್ನು ಕೊಂದಿರುತ್ತದೆ. ಕುರಿಗೆಂದೇ ಬೇರೆ ಮಿಶ್ರಣ ಸಿಗುತ್ತದೆ, ಅದನ್ನೇ ತರಬೇಕು.

“ಒಟ್ಟು ಪ್ರೋಟೀನ್: 4.4.”

6ರ ಮೇಲೆ ಇರಬೇಕಿತ್ತು. ಕಣಗಳು ಒಳಗೇ ಒಡೆದಾಗ ರಕ್ತದ ಪ್ರೋಟೀನ್ ಕುಸಿಯುವುದಿಲ್ಲ, ಅದು ನಾಳದಲ್ಲೇ ಇರುತ್ತದೆ. ಇಡೀ ರಕ್ತವೇ ಹೊರಗೆ ಹೋದಾಗ ಕಣದ ಜೊತೆಗೆ ಪ್ರೋಟೀನೂ ಹೋಗುತ್ತದೆ. ಎರಡೂ ಒಟ್ಟಿಗೆ ಇಳಿದಿವೆ ಎಂದರೆ ಉಳಿದದ್ದು ಒಂದೇ ದಾರಿ: ರಕ್ತ ಮೈಯಿಂದ ಹೊರಗೆ ಸೋರುತ್ತಿದೆ. ದವಡೆಯ ಬಾವಿಗೂ ಇಲ್ಲೇ ಉತ್ತರ. ನಾಳದೊಳಗೆ ನೀರನ್ನು ಹಿಡಿದಿಡುವುದು ಪ್ರೋಟೀನು. ಅದು ಇಳಿದಾಗ ನೀರು ನಾಳ ಬಿಟ್ಟು ಹೊರಬಂದು, ಮೇಯುವಾಗ ತಗ್ಗಿನಲ್ಲಿರುವ ದವಡೆಯ ಸಡಿಲ ಚರ್ಮದಲ್ಲಿ ನಿಲ್ಲುತ್ತದೆ.

ಗಾಯವಿಲ್ಲ, ಮೂಗಿನಿಂದ ರಕ್ತವಿಲ್ಲ. ಮತ್ತೆ ಎಲ್ಲಿಂದ ಸೋರಿತು?

“ಹಿಕ್ಕೆ: ಗ್ರಾಂ ಒಂದಕ್ಕೆ 4,200 ಸ್ಟ್ರಾಂಗೈಲ್ ಮೊಟ್ಟೆ. ಮರಿಹುಳು ಬೆಳೆಸಿ ನೋಡಿದಾಗ ಹೆಚ್ಚಿನವು ಹಿಮಾಂಕಸ್.”

ಕಳ್ಳ ಸಿಕ್ಕ. ಸ್ಟ್ರಾಂಗೈಲ್ ಎಂಬುದು ಹೊಟ್ಟೆಹುಳುಗಳ ಒಂದು ಗುಂಪು, ಹಿಮಾಂಕಸ್ ಅದರಲ್ಲೊಂದು. ಹಿಮಾಂಕಸ್ ಕಂಟಾರ್ಟಸ್ ಎರಡು ಮೂರು ಸೆಂಟಿಮೀಟರ್ ಉದ್ದದ ಹುಳು. ಹೆಣ್ಣುಹುಳುವಿನ ರಕ್ತ ತುಂಬಿದ ಕೆಂಪು ಕರುಳಿಗೆ ಬಿಳಿಯ ಅಂಡಕೋಶ ಸುತ್ತಿಕೊಂಡಿರುವುದರಿಂದ ಅದು ಕೆಂಪು ಬಿಳಿ ಎಳೆ ಹೊಸೆದ ದಾರದಂತೆ ಕಾಣುತ್ತದೆ. ಹಿಂಡಿನಲ್ಲಿ ಒಂದು ಆಡು ಸತ್ತರೆ ಹಾಗೇ ಹೂಳದೆ ವೈದ್ಯರಿಂದ ಕೊಯ್ಯಿಸಿ ನಾಲ್ಕನೇ ಹೊಟ್ಟೆಯನ್ನು ತೆರೆದು ನೋಡಬೇಕು. ಸತ್ತು ಬಹಳ ಹೊತ್ತಾಗಿರದಿದ್ದರೆ ಬರಿಗಣ್ಣಿಗೇ ಈ ಹುಳು ಕಾಣುತ್ತದೆ.

ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ತೆಗೆಯುತ್ತದೆ. ಕೇಳಲು ಏನೂ ಅಲ್ಲ. ಸಾವಿರ ಹುಳುವಿದ್ದರೆ ದಿನಕ್ಕೆ 50 ಮಿಲಿಲೀಟರ್. ನಮ್ಮ ಆಡಿನ ಮೈಯಲ್ಲಿದ್ದದ್ದು ಒಟ್ಟು 1.7 ಲೀಟರ್. ಹತ್ತು ದಿನಕ್ಕೆ ಅರ್ಧ ಲೀಟರ್ ಹೋಗುವಾಗ ಯಾವ ನೆಣ ಎಷ್ಟು ದುಡಿದರೆ ಸರಿದೂಗೀತು? ಭಾರಿ ಸೋಂಕಿನಲ್ಲಿ ಹುಳುಗಳ ಸಂಖ್ಯೆ ಸಾವಿರಗಳಲ್ಲೇ ಇರುತ್ತದೆ. ಹೆಣ್ಣುಹುಳು ದಿನಕ್ಕೆ ಐದರಿಂದ ಹತ್ತು ಸಾವಿರ ಮೊಟ್ಟೆ ಇಡುತ್ತದೆ. ಮೊಟ್ಟೆ ಹಿಕ್ಕೆಯೊಂದಿಗೆ ನೆಲಕ್ಕೆ ಬಿದ್ದು, ಬೆಚ್ಚಗೆ ಒದ್ದೆಯಿದ್ದರೆ ಒಂದೇ ವಾರದಲ್ಲಿ ಸೋಂಕು ತಗುಲಿಸುವ ಮರಿಯಾಗುತ್ತದೆ. ಇಬ್ಬನಿ ಅಥವಾ ಮಳೆನೀರಿನ ತೆಳು ಪೊರೆಯಲ್ಲಿ ಅದು ಹುಲ್ಲಿನ ಎಲೆ ಹತ್ತುತ್ತದೆ, ಹೆಚ್ಚೆಂದರೆ ಗೇಣಿನೆತ್ತರ. ಆಡಿನ ಹೊಟ್ಟೆ ಸೇರಿದ ಮೇಲೆ ಮೂರು ವಾರಕ್ಕೆ ತಾನೇ ಮೊಟ್ಟೆ ಇಡುತ್ತದೆ. ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್ ಹೊತ್ತಿಗೆ ಹಲವು ತಲೆಮಾರು ಕಳೆದಿರುತ್ತವೆ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ನೆಲದ ಮರಿಗಳು ಒಣಗಿ ಸಾಯುತ್ತವೆ, ನಿಜ. ಆದರೆ ಒಣ ಕಾಲ ಬರುವ ಮೊದಲೇ ಒಳಸೇರಿದ ಮರಿಗಳು ಹೊಟ್ಟೆಯ ಗೋಡೆಯಲ್ಲಿ ಬೆಳವಣಿಗೆ ನಿಲ್ಲಿಸಿ ಅಡಗಿ ಕೂತು, ಮುಂದಿನ ಮಳೆಗೆ ಎದ್ದು ಬರಬಲ್ಲವು.

ಈಗ ಕಪನೂರಿನ ಮಾತು. ಆಡು ಸ್ವಭಾವದಿಂದ ನೆಲದ ಹುಲ್ಲು ಮೇಯುವ ಪ್ರಾಣಿಯಲ್ಲ. ಜಾಲಿ, ಬಾರಿಕಂಟಿ, ಬೇವಿನ ಚಿಗುರು, ಹೀಗೆ ಕತ್ತೆತ್ತಿ, ಮುಂಗಾಲೆತ್ತಿ ತಿನ್ನುವುದು ಅದರ ಹುಟ್ಟುಗುಣ. ಗೇಣೆತ್ತರದಲ್ಲಿ ಕಾದಿರುವ ಹುಳುಮರಿ ಅಲ್ಲಿ ಅದರ ಬಾಯಿಗೆ ಸಿಗುವುದಿಲ್ಲ. ಕಂಟಿ ಮೇಯ್ದು ಬಂದ ಜಾತಿಗೆ ಹುಳುವಿನ ವಿರುದ್ಧ ಬಲವಾದ ನಿರೋಧಕ ಶಕ್ತಿ ಬೆಳೆಸಿಕೊಳ್ಳುವ ಅಗತ್ಯವೂ ಬೀಳಲಿಲ್ಲ. ಊರು ನಗರಕ್ಕೆ ಸೇರುತ್ತ ಹೋದಂತೆ ಕಂಟಿ ಹೋಗಿ ನಿವೇಶನ ಬರುತ್ತದೆ, ಶೆಡ್ಡು ಬರುತ್ತದೆ. ಉಳಿಯುವುದು ಚರಂಡಿಯ ಬದಿಯ ಹಸಿರು, ಖಾಲಿ ಪ್ಲಾಟಿನ ಹುಲ್ಲು. ಅಲ್ಲಿ ಎಲ್ಲರ ಆಡೂ ಮೇಯುತ್ತದೆ, ಎಲ್ಲದರ ಹಿಕ್ಕೆಯೂ ಬೀಳುತ್ತದೆ, ಒದ್ದೆ ಮಳೆಗಾಲ ಕಳೆದರೂ ಆರುವುದಿಲ್ಲ. ಕತ್ತೆತ್ತಿ ತಿನ್ನುವ ಪ್ರಾಣಿಯನ್ನು ನಾವು ತಲೆ ತಗ್ಗಿಸಿ ಮೇಯಿಸಿದೆವು. ಈ ರಕ್ತಹೀನತೆಯ ಬೇರು ಹೊಟ್ಟೆಯಲ್ಲಿರುವಷ್ಟೇ ಊರಿನ ಬದಲಾದ ನೆಲದಲ್ಲೂ ಇದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೊಂಬೆ ಕಡಿದು ತಂದು ಎತ್ತರಕ್ಕೆ ತೂಗುಹಾಕಿ ತಿನ್ನಿಸುವುದು, ಬಿಸಿಲೇರಿ ಹುಲ್ಲು ಆರಿದ ಮೇಲೆ ಆಡು ಬಿಡುವುದು, ಇವೆರಡಕ್ಕೆ ಖರ್ಚಿಲ್ಲ.

ಕಮಲಾಪುರದ ಕಡೆ ಹೋದಂತೆ ಇನ್ನೊಂದು ಸೇರುತ್ತದೆ. ಕೆರೆ, ಕಾಲುವೆ, ಜಲಾಶಯದ ಹಿನ್ನೀರಿನ ಅಂಚಿನ ಕೆಸರಿನಲ್ಲಿ ಬದುಕುವ ಬಸವನಹುಳುವಿನ ಮೂಲಕ ಯಕೃತ್ತಿನ ಚಪ್ಪಟೆಹುಳು ಬರುತ್ತದೆ. ಎಮ್ಮೆ, ದನ, ಕುರಿ ಯಾವುದನ್ನೂ ಬಿಡುವುದಿಲ್ಲ. ಅದೂ ರಕ್ತ ಕುಡಿಯುತ್ತದೆ, ಅದರಲ್ಲೂ ದವಡೆ ಬಾವು ಬರುತ್ತದೆ. ಆದರೆ ಅದರ ಮೊಟ್ಟೆ ಭಾರ. ಹಿಕ್ಕೆಯನ್ನು ತೇಲಿಸಿ ನೋಡುವ ಪರೀಕ್ಷೆಯಲ್ಲಿ ಸಿಗದು, ತಳಕ್ಕಿಳಿಸಿ ನೋಡಬೇಕು. ನೀರಿನಂಚಿನಲ್ಲಿ ಮೇಯುವ ಪ್ರಾಣಿಯಾದರೆ ಆ ಪರೀಕ್ಷೆಯನ್ನೂ ಮಾಡಿಸಿ ಎಂದು ಬಾಯಿಬಿಟ್ಟು ಕೇಳಬೇಕು.

“ಸಲಹೆ: ತೂಕಕ್ಕೆ ತಕ್ಕ ಜಂತುನಾಶಕ. ಕಬ್ಬಿಣ, ಪೌಷ್ಟಿಕ ಆಹಾರ. 14 ದಿನದ ನಂತರ ಹಿಕ್ಕೆ ಮರುಪರೀಕ್ಷೆ.”

ತೂಕಕ್ಕೆ ತಕ್ಕ ಎಂಬ ಪದದ ಮೇಲೆ ಎಲ್ಲ ನಿಂತಿದೆ. ಹಿಂಡಿಗೆಲ್ಲ ಒಂದೇ ಅಳತೆ, ಅದೂ ನಡುಗಾತ್ರದ ಪ್ರಾಣಿಯ ಅಳತೆ ಹಾಕಿದರೆ ದೊಡ್ಡವುಗಳಿಗೆ ಮದ್ದು ಸಾಲದು. ಸಾಲದ ಮದ್ದಿನಲ್ಲಿ ಗಟ್ಟಿ ಹುಳು ಉಳಿದು, ಅದರ ಸಂತಾನವೇ ಬೆಳೆಯುತ್ತದೆ. ಇದರ ಮೇಲೆ ಆಡಿನ ದೇಹ ಅಲ್ಬೆಂಡಜೋಲ್, ಫೆನ್‌ಬೆಂಡಜೋಲ್‌ನಂಥ ಮದ್ದುಗಳನ್ನು ಕುರಿಗಿಂತ ಬೇಗ ಕರಗಿಸಿ ಹೊರಹಾಕುತ್ತದೆ. ಕುರಿಯ ಅಳತೆ ಆಡಿಗೆ ಸಾಲುವುದೇ ಇಲ್ಲ. ಹಾಗೆಂದು ತಾವೇ ಹೆಚ್ಚಿಸಬಾರದು. ರಕ್ತಹೀರುವ ಹುಳುವಿಗೆ ಚೆನ್ನಾಗಿ ಹತ್ತುವ ಕ್ಲೋಸಾಂಟೆಲ್ ಅಳತೆ ಮೀರಿದರೆ ಆಡಿನ ಕಣ್ಣೇ ಹೋಗುತ್ತದೆ. ಗಬ್ಬದ ಮೊದಲ ತಿಂಗಳಲ್ಲಿ ಅಲ್ಬೆಂಡಜೋಲ್ ಬೇಡ. ಯಾವುದು, ಎಷ್ಟು ಎಂಬುದನ್ನು ವೈದ್ಯರು ಹೇಳಬೇಕು, ತೂಕವನ್ನು ನಾವು ಹೇಳಬೇಕು. ತಕ್ಕಡಿಯಿಲ್ಲದಿದ್ದರೆ ಎದೆಯ ಸುತ್ತಳತೆಯಿಂದ ಅಂದಾಜಿಸುವ ಪಟ್ಟಿ ಇರುತ್ತದೆ.

ಇಡೀ ಹಿಂಡಿಗೆ ಒಮ್ಮೆಲೇ ಕುಡಿಸುವ ರೂಢಿಯನ್ನೂ ಬಿಡಬೇಕು. ಹಿಂಡಿನ ಹೆಚ್ಚಿನ ಹುಳು ಕೆಲವೇ ಪ್ರಾಣಿಗಳ ಹೊಟ್ಟೆಯಲ್ಲಿರುತ್ತದೆ. ಕಣ್ಣು ನೋಡಿ ನಾಲ್ಕು, ಐದನೇ ದರ್ಜೆಯವಕ್ಕೆ ಖಂಡಿತ, ಮೂರನೇ ದರ್ಜೆಯವಕ್ಕೆ ಮರಿ ಅಥವಾ ಗಬ್ಬದ್ದಾದರೆ ಮದ್ದು ಹಾಕಿ, ಕೆಂಪು ಕಣ್ಣಿನವನ್ನು ಬಿಟ್ಟರೆ ಅವುಗಳ ಹೊಟ್ಟೆಯಲ್ಲಿ ಮದ್ದು ಕಾಣದ ಹುಳು ಸ್ವಲ್ಪ ಉಳಿಯುತ್ತದೆ. ಗಟ್ಟಿ ಹುಳುವಿನ ಸಂತಾನವೇ ನೆಲ ತುಂಬದಂತೆ ಅದು ತಡೆಯುತ್ತದೆ. ಹುಳುವನ್ನು ಬೇಕೆಂದೇ ಬಿಡಿ ಎಂದರೆ ಯಾರಿಗೂ ಮನಸ್ಸು ಒಪ್ಪುವುದಿಲ್ಲ. ಆದರೆ ಮದ್ದು ಹತ್ತು ವರ್ಷ ಕೆಲಸ ಮಾಡಬೇಕೆಂದರೆ ಬೇರೆ ದಾರಿಯಿಲ್ಲ. ಒಂದೇ ಆಡು ಪದೇ ಪದೇ ಬಿಳಿಚಿದರೆ ಅದರ ಮರಿಯನ್ನು ತಳಿಗೆ ಉಳಿಸಿಕೊಳ್ಳದಿರುವುದು ಜಾಣತನ.

ಪಿಸಿವಿ 12 ಇರುವ ಈ ಆಡಿಗೆ ವೈದ್ಯರು ರಕ್ತವನ್ನೇ ಏರಿಸಬಹುದು. ಆರೋಗ್ಯವಂತ ದೊಡ್ಡ ಹೋತದಿಂದ ಸಿಟ್ರೇಟ್ ಹಾಕಿದ ಚೀಲಕ್ಕೆ ತೆಗೆದು ಕೊಡುತ್ತಾರೆ. ಮೊದಲ ಸಲಕ್ಕೆ ಹೊಂದಾಣಿಕೆ ಪರೀಕ್ಷೆ ಇಲ್ಲದೆಯೂ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಕೆಲವು ದಿನ ಬಿಟ್ಟು ಎರಡನೇ ಸಲ ಕೊಡುವುದು ಅಪಾಯ. ಕಬ್ಬಿಣದ ಸೂಜಿ ಹುಳು ಸತ್ತ ಮೇಲೆ ಉಪಯೋಗಕ್ಕೆ ಬರುತ್ತದೆ, ಮೊದಲು ಹಾಕಿದರೆ ಆ ಕಬ್ಬಿಣವೂ ಹುಳುವಿನ ಹೊಟ್ಟೆಗೇ. ಅದಕ್ಕಿಂತ ಮುಖ್ಯ ಪ್ರೋಟೀನು. ತೊಗರಿಯ ನಾಡಿನಲ್ಲಿದ್ದು ಇದಕ್ಕೆ ಚಿಂತಿಸಬೇಕಿಲ್ಲ: ದಾಲ್ ಮಿಲ್ಲಿನ ತೊಗರಿ ಚುನ್ನಿ, ಹೊಲದ ತೊಗರಿ ಹೊಟ್ಟು, ಶೇಂಗಾ ಹಿಂಡಿ. ಪ್ರೋಟೀನ್ ಸಾಕಷ್ಟು ಸಿಕ್ಕ ಆಡು ರಕ್ತವನ್ನೂ ಬೇಗ ತುಂಬಿಕೊಳ್ಳುತ್ತದೆ, ಹುಳುವನ್ನೂ ಹೆಚ್ಚು ತಡೆದುಕೊಳ್ಳುತ್ತದೆ. ಒಮ್ಮೆಲೇ ಹೆಚ್ಚು ಹಾಕದೆ ವಾರದಲ್ಲಿ ಹಂತಹಂತವಾಗಿ ಏರಿಸಬೇಕು.

ಇನ್ನು ಮರುಪರೀಕ್ಷೆ. ಆಡು ಚೇತರಿಸಿಕೊಂಡಂತೆ ಕಂಡಾಗ ಯಾರೂ ಮತ್ತೆ ಹಿಕ್ಕೆ ಹಿಡಿದು ಆಸ್ಪತ್ರೆಗೆ ಹೋಗುವುದಿಲ್ಲ. ಹೋಗಬೇಕು. ಮದ್ದು ಸರಿಯಾಗಿ ಕೆಲಸ ಮಾಡಿದ್ದರೆ ಮೊಟ್ಟೆಯ ಲೆಕ್ಕ ನೂರಕ್ಕೆ 95ರಷ್ಟು ಇಳಿದಿರಬೇಕು. 4,200 ಇದ್ದದ್ದು 210ಕ್ಕಿಂತ ಕೆಳಗೆ ಬಂದಿರಬೇಕು. ಸಾವಿರ ಉಳಿದಿದ್ದರೆ ಆ ಮದ್ದು ಈ ಹಟ್ಟಿಯಲ್ಲಿ ಸೋತಿದೆ, ಬೇರೆ ಗುಂಪಿನ ಮದ್ದು ಬೇಕು. ಒಂದೇ ಆಡಿನಿಂದ ಇದನ್ನು ತೀರ್ಮಾನಿಸುವುದು ಕಷ್ಟ, ಮದ್ದು ಹಾಕಿದ ಏಳೆಂಟು ಆಡುಗಳಿಂದ ತೆಗೆದರೆ ಲೆಕ್ಕ ಗಟ್ಟಿ. ಬೆಳಿಗ್ಗೆ, ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಗುದದಿಂದಲೇ ಹಿಕ್ಕೆ ತೆಗೆದು, ಚೀಲವನ್ನು ಒಳಹೊರಗು ಮಾಡಿ, ಗಾಳಿ ಹಿಂಡಿ ಕಟ್ಟಿ, ಪ್ರತಿ ಚೀಲದ ಮೇಲೆ ಆಡಿನ ಗುರುತು ಬರೆದು, ಬಿಸಿಲೇರುವ ಮೊದಲು ಮುಟ್ಟಿಸಬೇಕು. ತಡವಾದರೆ ಮೊಟ್ಟೆಯೊಡೆದು ಮರಿಯಾಗಿ ಲೆಕ್ಕಕ್ಕೆ ಸಿಗುವುದಿಲ್ಲ. ಹೋಗುವಾಗ ಮೊದಲ ವರದಿಯನ್ನೂ, ಕುಡಿಸಿದ ಮದ್ದಿನ ಖಾಲಿ ಬಾಟಲಿಯನ್ನೂ ಜೊತೆಗೆ ಒಯ್ಯಿರಿ.